ಏಳು ಚೊಂಬು ನೀರು

ಹೋದ ವಾರ ನನ್ನ ಹೆಂಡತಿ ನನ್ನ ಮರ್ಯಾದೆಯನ್ನು ಪಾತ್ರೆ ಮಾರುವವನ ಮೂಟೆಗೆ ಹಾಕುವುದರಲ್ಲಿದ್ದಳು. ನಶ್ಯದ ಡಬ್ಬಿ ಹುಡುಕಿಕೊಂಡು ನಾನು ಆ ಹೊತ್ತಿಗೆ ಸರಿಯಾಗಿ ಹೊರಗೆ ಬಂದದ್ದರಿಂದ ಅದು ಉಳಿಯಿತು. ಹಳೆ ತಾಮ್ರ, ಹಿತ್ತಾಳೆ ತೆಗೆದುಕೊಂಡು ಸ್ಟೀಲ್ ಡಬ್ಬಿ ಕೊಡುವ ಆ ಮಹರಾಯ ನಮ್ಮ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಒಂದು ಮೊಳ ಉದ್ದದ, ನಾಲ್ಕು ದೊಡ್ಡ ತೂತುಗಳ, ಮಸಿ ಹಿಡಿದ ತಾಮ್ರದ ತಗಡು.

“ಇದು ಯಾವ ದೇವರ ಪ್ರಭಾವಳಿ ತಾಯೀ?” ಎಂದು ಅವನು ಕೇಳುತ್ತಿದ್ದ.

“ಅಯ್ಯೋ, ದೇವರದಲ್ಲಪ್ಪ. ನಮ್ಮ ಯಜಮಾನರು ಕಾರಿಗೆ ನೀರು ಹಾಕದೆ ಸುಟ್ಟಿದ್ದು” ಎಂದಳು ರತ್ನ.

ನೀವೇ ಹೇಳಿ, ಈ ವಯಸ್ಸಿನಲ್ಲಿ ಒಬ್ಬ ಮನುಷ್ಯ ಎಷ್ಟು ಅಂತ ತಡೆದುಕೊಳ್ಳಬೇಕು? ತಗಡನ್ನು ಅವನ ಕೈಯಿಂದ ಕಿತ್ತುಕೊಂಡೆ. “ಇದು ನನ್ನ ನಿರಪರಾಧದ ಸರ್ಟಿಫಿಕೇಟು ಕಣಯ್ಯ” ಎಂದೆ. ಅವನು ರತ್ನಳ ಮುಖ ನೋಡಿದ. ರತ್ನ ‘ಇರಲಿ ಬಿಡು’ ಎನ್ನುವಂತೆ ಕೈ ಆಡಿಸಿದಳು. ಆ ಕೈಯಾಡಿಸುವಿಕೆಗೆ ಒಂದು ದೊಡ್ಡ ಇತಿಹಾಸವಿದೆ. ಅದನ್ನು ನಿಮ್ಮ ಮುಂದೆ ಇಡದೆ ನನಗೆ ಅನ್ನ ಮೈಗೆ ಹತ್ತುವುದಿಲ್ಲ.

ಮೊದಲು ಆ ತಗಡಿನ ವಿಷಯ. ಕಾರಿನ ಎಂಜಿನ್ನಿಗೆ ಒಂದು ಒಡಲು, ಅದರ ಮೇಲೆ ಕಬ್ಬಿಣದ ಮುಚ್ಚಳ. ಮುಚ್ಚಳಕ್ಕೆ ಹೆಡ್ಡು ಎನ್ನುತ್ತಾರೆ. ಒಡಲಿಗೂ ಹೆಡ್ಡಿಗೂ ನಡುವೆ ಸಂದಿಲ್ಲದಂತೆ ಒಂದು ತೆಳ್ಳನೆ ತಗಡು ಕೂರಬೇಕು. ಅದೇ ಗ್ಯಾಸ್ಕೆಟ್ಟು. ಒಳಗೆ ಬೆಂಕಿ, ಪಕ್ಕದಲ್ಲೇ ನೀರು. ಎರಡೂ ಒಂದರ ಮನೆಗೆ ಒಂದು ಹೋಗದಂತೆ ಕಾಯುವುದು ಈ ಬಡಪಾಯಿ ತಗಡು. ಅದು ಸುಟ್ಟರೆ ಕಾರು ನಿಂತಿತು. ಯಾಕೆ ಸುಟ್ಟಿತು ಎನ್ನುವುದಕ್ಕೆ ಹತ್ತು ಕಾರಣಗಳಿರಬಹುದು. ಆದರೆ ನಮ್ಮ ಬಂಗಾರಪೇಟೆ ಸೀಮೆಯ ಜನಕ್ಕೆ ಗೊತ್ತಿರುವುದು ಒಂದೇ ಕಾರಣ: ನೀರು ಹಾಕಿರಲಿಲ್ಲ.

ಇನ್ನು, ನೀರು ಹಾಕದೆ ಕಾರು ಹೊರಡಿಸುವವನೇ ನಾನು? ನನ್ನ ಚಿಕ್ಕಪ್ಪ ನಂಜಪ್ಪ ಕೋಲಾರದ ಬಸ್ಸಿನ ಡ್ರೈವರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದುವಲ್ಲ, ಆ ಬಸ್ಸು. ಹಿಂದುಗಡೆ ಇದ್ದಿಲಿನ ಡ್ರಮ್ಮು, ಅದಕ್ಕೆ ಗಾಳಿ ತಿರುಗಿಸುವ ಹಿಡಿ. ಬೇಸಿಗೆ ರಜದಲ್ಲಿ ನನ್ನ ವಿದ್ಯಾಭ್ಯಾಸವೆಲ್ಲ ಆ ಹಿಡಿಯ ಹತ್ತಿರವೇ ಆದದ್ದು. ಮುಖವೆಲ್ಲ ಮಸಿಯಾಗಿ ಮನೆಗೆ ಬಂದರೆ ನಮ್ಮಮ್ಮ ಸೀಗೇಪುಡಿ ಹಾಕಿ ಚರ್ಮ ಕಿತ್ತುಬರುವಂತೆ ಉಜ್ಜುತ್ತಿದ್ದಳು. ಒಂದು ದಿನ ಚಿಕ್ಕಪ್ಪ “ನೀರು ನೋಡಿದೆಯೇನೋ?” ಎಂದು ಕೇಳಿದಾಗ ನೋಡದೆಯೇ “ಹೂಂ” ಎಂದುಬಿಟ್ಟೆ. ಅವನು ಮುಚ್ಚಳ ತೆಗೆದು ನೋಡಿ ಕೊಟ್ಟ ಏಟು ಈಗಲೂ ಎಡಗಿವಿಯಲ್ಲಿ ಕುಂಯ್‌ಗುಡುತ್ತದೆ. “ಮೊದ್ಲು ನೀರು, ಆಮೇಲೆ ದ್ಯಾವ್ರು, ಆಮೇಲೆ ಕೀಲಿ. ತಿಳೀತಾ?” ಎಂದಿದ್ದ. ತಿಳಿಯಿತು. ಅಂದಿನಿಂದ ನಾನು ಸೈಕಲ್ ಹತ್ತುವಾಗಲೂ ಒಮ್ಮೆ ನೀರು ಹಾಕಬೇಕೇನೋ ಎಂದು ತಡವರಿಸಿದ್ದುಂಟು. ಅಂಥವನ ಮೇಲೆ ಈ ಆಪಾದನೆ.

ಕಾರು ನನ್ನದಲ್ಲ, ನಮ್ಮ ಮಾವನದು. ಬಂಗಾರಪೇಟೆಯಿಂದ ಎರಡು ಮೈಲಿ ದೂರದ ಹಳ್ಳಿಯಲ್ಲಿ ಮುನಿಶಾಮೇಗೌಡರೆಂದರೆ ಹೊಲ, ಹಸು, ಹಾಲು, ಗತ್ತು ಎಲ್ಲ ಇದ್ದವರು. ಐವತ್ತರ ದಶಕದ ಕೊನೆಯಲ್ಲಿ ಉರಿಗಾಂ ಚಿನ್ನದ ಗಣಿಯ ಬಂಗಲೆಗಳಿಂದ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ತಮ್ಮ ಸೀಮೆಗೆ ಹೊರಟಾಗ ಅವರ ಸಾಮಾನುಗಳು ಸುತ್ತಲ ಊರುಗಳಿಗೆ ಹಂಚಿಹೋದುವು. ಯಾರ ಮನೆಗೋ ಪಿಯಾನೋ ಬಂತು, ಅದರ ಮೇಲೆ ರಾಗಿ ಮೂಟೆ ಪೇರಿಸಿದರು. ನಮ್ಮ ಮಾವನ ಮನೆಗೆ ಕಾರು ಬಂತು. ಆಗಲೇ ಅದಕ್ಕೆ ಮುದಿವಯಸ್ಸು. ಕಪ್ಪು ಬಣ್ಣ, ಒಳಗೆ ಚುಟ್ಟದ ವಾಸನೆ, ಎಡಗಡೆ ಬಾಗಿಲು ತೆಗೆಯಬೇಕಾದರೆ ಒದೆಯಬೇಕು. ಮಾವ ಅದನ್ನು ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕದಲ್ಲೇ ನಿಲ್ಲಿಸಿದರು. “ಒಸದು, ಜೊತೆ ಇದ್ರೆ ಬೆದರಾಕಿಲ್ಲ” ಎಂದರು. ಎತ್ತುಗಳು ಬೆದರುವುದಿಲ್ಲ ಎಂದರೋ ಕಾರು ಬೆದರುವುದಿಲ್ಲ ಎಂದರೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಾವನೆದುರು ನನಗೆ ಯಾವ ಧೈರ್ಯವೂ ಇರಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದವನು ನಾನೊಬ್ಬನೇ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ ಆ ಮನೆಯಲ್ಲಿ ನನ್ನನ್ನು ‘ಹುಡುಗೀನ ಮಾಡ್ಕೊಂಡೋರು’ ಎನ್ನುತ್ತಿದ್ದರು. ಕಾರು ಬಂದಮೇಲೆ ‘ಮೇಷ್ಟ್ರು’ ಎನ್ನತೊಡಗಿದರು. ಕೀಲಿ ನನ್ನ ಜೇಬಿನಲ್ಲೇ ಇರುತ್ತಿತ್ತು. ಅದು ಜೇಬಿನಲ್ಲಿ ಕಿಣಿಕಿಣಿ ಎಂದಾಗಲೆಲ್ಲ ನನ್ನ ನಡಿಗೆ ಬದಲಾಗುತ್ತಿತ್ತೆಂದು ರತ್ನ ಈಗಲೂ ಅಣಕಿಸುತ್ತಾಳೆ.

ಆ ವರ್ಷ ಆಯುಧಪೂಜೆಯ ಹೊತ್ತಿಗೆ ಕಾರು ಉಬ್ಬು ಹತ್ತುವಾಗ ಏದುಸಿರು ಬಿಡತೊಡಗಿತ್ತು. ಎಂಜಿನ್ನಿನ ಒಳಗೆ ಮಸಿ ಕಟ್ಟಿದೆ, ಹೆಡ್ಡು ಇಳಿಸಿ ಕೆರೆಯಬೇಕು ಎಂದ ದೊರೈಕಣ್ಣು ಮೇಸ್ತ್ರಿ. ನಂದಿದುರ್ಗ ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತನಾದವನು. ಗಣಿ ಕೂಲಿಗಳ ಸಾಲುಮನೆಗಳ ಲೈನಿನಲ್ಲೇ ಮನೆ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ತಗಡಿನ ಷೆಡ್ಡು ಹಾಕಿಕೊಂಡು ಕಾರು, ಪಂಪು, ಹೊಲಿಗೆ ಯಂತ್ರ ಎಲ್ಲ ರಿಪೇರಿ ಮಾಡುತ್ತಿದ್ದ. ಬಾಯಲ್ಲಿ ಕನ್ನಡ ತಮಿಳು ಅಕ್ಕಪಕ್ಕ, ಕೈ ಮಾತ್ರ ಅಪ್ಪಟ ಚಿನ್ನ. ಪೂಜೆಯ ದಿನ ಬೆಳಿಗ್ಗೆಯೇ ಹಳ್ಳಿಗೆ ಬಂದು, ಹಿಂದಿನ ದಿನ ಕೆರೆದಿಟ್ಟಿದ್ದ ಹೆಡ್ಡನ್ನು ಹೊಸ ಗ್ಯಾಸ್ಕೆಟ್ಟಿನ ಮೇಲೆ ಕೂರಿಸಿ, ನಟ್ಟುಗಳನ್ನು ಬಿಗಿಯತೊಡಗಿದ. ಮೊದಲು ನಟ್ಟನಡುವಿನದು. ಆಮೇಲೆ ಅದರ ಆಚೆಯದೊಂದು, ಈಚೆಯದೊಂದು. ಹೀಗೆ ನಡುವಿನಿಂದ ಅಂಚಿಗೆ ಹೋಗಬೇಕು. ಒಂದೇ ಸಲಕ್ಕೆ ಪೂರ್ತಿ ಬಿಗಿಯಲೂಬಾರದು.

ಮಾವ ಮಡಿಪಂಚೆಯಲ್ಲಿ ಬಂದು ನಿಂತರು. ಒಂದು ಕ್ಷಣ ನೋಡಿದರು.

“ಏಯ್ ಮೇಸ್ತ್ರೀ, ಏನಯ್ಯಾ ಇದು, ಕುಂಟೆಬಿಲ್ಲೆ ಆಡ್ತಿದ್ದೀಯಾ? ಆ ಕಡೀಕ್ ಎಗರ್ತೀಯಾ, ಈ ಕಡೀಕ್ ಎಗರ್ತೀಯಾ! ಪೂಜೆ ದಿನ ಅಡ್ಡಾದಿಡ್ಡಿ ಸುತ್ತುತಾರಾ? ಮೂಡ್ಲು ಮೂಲೆಯಿಂದ ಇಡ್ಕಂಡು ಬಲಕ್ಕೆ ಸುತ್ತಿ ಬಾ. ಒಂದೊಂದುಕ್ಕೂ ಕುಂಕುಮ ಇಟ್ಟು ಬಿಗಿ.”

“ಗೌಡ್ರೇ, ಇದು ಕೋವಿಲ್ ಇಲ್ಲೆ, ದೇವಸ್ಥಾನ ಅಲ್ಲ, ಎಂಜಿನ್ನು” ಎಂದ ದೊರೈಕಣ್ಣು. “ಮೈನ್ಸ್‌ನಲ್ಲಿ ಎಷ್ಟು ದೊಡ್ಡ ಪೈಪ್ ಆದ್ರೂ ನಾವು ಎದುರುಬದುರೇ ಬಿಗಿಯೋದು.”

“ಮೈನ್ಸು ನಿಮ್ದು. ಕಾರು ನಮ್ದು.”

ದೊರೈಕಣ್ಣು ನನ್ನ ಕಡೆ ತಿರುಗಿದ. ನಾನು ಕರ್ಪೂರದ ತಟ್ಟೆ ಹಿಡಿದು ನಿಂತಿದ್ದೆ. “ಸಾರ್, ನೀಂಗ ಸೊಲ್ಲುಂಗ, ನೀವಾದ್ರೂ ಹೇಳಿ” ಎಂದ. ನಾನು ಏನೋ ಒಂದು ಹೇಳಿದೆ. ಏನು ಹೇಳಿದೆ ಎನ್ನುವುದನ್ನು ಆಮೇಲೆ ನೋಡೋಣ, ಮೊದಲು ನೀರಿನ ವಿಷಯ ಮುಗಿಯಲಿ. ಅಂತೂ ದೊರೈಕಣ್ಣು ಬಿಗಿದಿದ್ದನ್ನೆಲ್ಲ ಸಡಿಲಿಸಿ, ಮೂಡಲ ಮೂಲೆಯಿಂದ ಹಿಡಿದು, ದೇವರಿಗೆ ಪ್ರದಕ್ಷಿಣೆ ಬಂದಂತೆ ಅಂಚಿನ ನಟ್ಟುಗಳನ್ನೆಲ್ಲ ಬಿಗಿದು ಮುಗಿಸಿ, ನಡುವಿನವನ್ನು ಕೊನೆಯಲ್ಲಿ ಬಿಗಿದ. ಪ್ರತಿಯೊಂದು ನಟ್ಟಿಗೂ ಕುಂಕುಮ. ಮಾವನ ಮುಖದಲ್ಲಿ ಶಾಂತಿ ನೆಲೆಸಿತು.

“ಇನ್ನು ನೀರು ತುಂಬಿ ಎಂಜಿನ್ ಓಡಿಸಿ, ಬಿಸಿ ಆದ ಮೇಲೆ ಇನ್ನೊಂದು ಸಲ ಬಿಗೀಬೇಕು” ಎಂದ ಮೇಸ್ತ್ರಿ. ಎಲ್ಲಿಂದ ಬಿಗಿಯುವುದು? ಅವನ ಸ್ಪ್ಯಾನರುಗಳು ಅಷ್ಟರಲ್ಲಾಗಲೇ ಕುಡುಗೋಲು, ನೇಗಿಲ ಗುಳ, ನನ್ನ ಫೌಂಟನ್ ಪೆನ್ನುಗಳ ಜೊತೆಗೆ ಮಣೆಯೇರಿ ಹೂವು ಮುಡಿದು ಕೂತಿದ್ದುವು. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ದೊರೈಕಣ್ಣು ಬರಿಗೈಯಲ್ಲಿ ಕಡಲೆಪುರಿಯ ಪೊಟ್ಟಣ ಹಿಡಿದು ಊರಿಗೆ ಹೋದ. ಮಾರನೆಯ ದಿನ ಮಧ್ಯಾಹ್ನ ಬಂದು ಬಿಗಿಯುತ್ತೇನೆ, ಅಲ್ಲಿಯತನಕ ಕಾರು ತೆಗೆಯಬೇಡಿ ಎಂದು ಹೇಳಿಯೇ ಹೋದ. ಆದರೆ ಮಾವನಿಗೆ ಪುರೋಹಿತರು ಬರೆದುಕೊಟ್ಟ ಗಳಿಗೆ ಬೆಳಿಗ್ಗೆ ಎಂಟಕ್ಕಿತ್ತು. ಎಂಟಕ್ಕೆ ಕಾರು ಹೊರಡಬೇಕು, ರಾಬರ್ಟ್‌ಸನ್‌ಪೇಟೆಯ ಮಂಡಿ ಸಾಹುಕಾರನ ಅಂಗಡಿ ಮುಂದೆ ನಿಲ್ಲಬೇಕು, ಅವನು ಹೊರಗೆ ಬಂದು ನೋಡಬೇಕು.

ಈಗ ಗಮನವಿಟ್ಟು ಕೇಳಿ. ಆ ವಿಜಯದಶಮಿಯ ಬೆಳಿಗ್ಗೆ, ಎಂಟಕ್ಕೆ ಮುಂಚೆ, ನಾನು ನನ್ನ ಕೈಯಾರೆ ರೇಡಿಯೇಟರಿಗೆ ನೀರು ತುಂಬಿದೆ. ಹಿತ್ತಾಳೆಯ ಚೊಂಬಿನಲ್ಲಿ ಏಳು ಚೊಂಬು. ರತ್ನ ಬಾವಿಯಿಂದ ಸೇದಿ ಸೇದಿ ಚೊಂಬು ಚೊಂಬಾಗಿ ನನ್ನ ಕೈಗೆ ಕೊಟ್ಟಳು, ಬಾಯಲ್ಲಿ ಎಣಿಸಿದಳು. ಏಳನೆಯದು ತುಳುಕಿ ಅವಳ ಹೊಸ ಸೀರೆಯ ಮೇಲೆ ಬಿದ್ದದ್ದಕ್ಕೆ ಬೈದಳು. ಇದಕ್ಕಿಂತ ಸಾಕ್ಷಿ ಯಾವ ಕೋರ್ಟಿಗೆ ಬೇಕು?

ಮುಂದೆ ನಾನು, ಪಕ್ಕದಲ್ಲಿ ಜರಿಪೇಟದ ಮಾವ, ಹಿಂದೆ ರತ್ನ. ಮೂರು ನಾಲ್ಕು ಮೈಲಿ ಕಾರು ಮದುಮಗನ ಹಾಗೆ ನಡೆಯಿತು. ದೂರದಲ್ಲಿ ಗಣಿಯ ಕಲ್ಲುಪುಡಿ ಸುರಿದು ಎದ್ದ ಸೈನೈಡ್ ದಿಬ್ಬದ ಬಿಳಿ ಬೆನ್ನು ಕಾಣಿಸಿತು. ಉಬ್ಬು ಶುರುವಾಯಿತು. ‘ಟಪ್’ ಎಂದು ಒಂದು ಸದ್ದು. ಎಂಜಿನ್ನು ಕುಂಟತೊಡಗಿತು. ನಾನು ಗೇರು ಬದಲಾಯಿಸಿ ಇನ್ನೂ ಸ್ವಲ್ಪ ದೂರ ಎಳೆದೆ. ಆಮೇಲೆ ಮೂತಿಯಿಂದ ಬುಸ್ಸೆಂದು ಹಬೆ. ದಿಬ್ಬದ ಧೂಳು ಗಾಳಿಗೆ ಎದ್ದು ನಮ್ಮ ಮೇಲೆಲ್ಲ ಹಿಟ್ಟಿನಂತೆ ಕೂರುತ್ತಿರಲು, ಕಾರು ನಡುರಸ್ತೆಯಲ್ಲಿ ನಿಂತಿತು.

ಮಾವನ ಬಾಯಿಂದ ಬಂದ ಮೊದಲ ಮಾತು: “ನೀರ್ ಆಕಿದ್ರಾ ಮೇಷ್ಟ್ರೇ?”

“ಹಾಕಿದೆ ಮಾವ, ಏಳು ಚೊಂಬು.”

ಹಬೆ ಇಳಿಯುವತನಕ ಅವರು ಕಾದರು. ಆಮೇಲೆ ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿ, ಬಗ್ಗಿ ಒಳಗೆ ನೋಡಿದರು. ನೀರಿನ ಪಸೆಯೂ ಇರಲಿಲ್ಲ.

“ಎಲ್ಲಿ?” ಎಂದರು.

ಅದೇ ಹೊತ್ತಿಗೆ ಪಕ್ಕದ ಹಳಿಯ ಮೇಲೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಬರಬೇಕೆ! ಕಿಟಕಿಗೊಂದು ತಲೆ. ಒಬ್ಬ “ತಣ್ಣಿ ಊತ್ತಲೆಯಾ?” ಎಂದ. ಇನ್ನೊಬ್ಬ “ನೀಳ್ಳು ಪೊಯ್ಯಲೇದಾ?” ಎಂದ. ಕೊನೆಯ ಡಬ್ಬಿಯವನು “ನೀರ್ ಆಕಿಲ್ವೇನ್ರೀ?” ಎಂದು ಕೂಗಿಕೊಂಡು ಹೋದ. ಮೂರು ಭಾಷೆಯವರು ಒಂದೇ ಮಾತಿಗೆ ಒಪ್ಪಿದ್ದನ್ನು ನಮ್ಮ ಕಡೆ ನಾನು ನೋಡಿದ್ದು ಅದೊಂದೇ ಸಲ. ನಾನು ತಿರುಗಿ ಹಿಂದಿನ ಸೀಟಿನಲ್ಲಿದ್ದ ರತ್ನಳನ್ನು ನೋಡಿದೆ. ‘ಹೇಳೇ, ನೀನಲ್ಲವೇನೇ ಸೇದಿ ಕೊಟ್ಟಿದ್ದು?’ ಎಂದು ಕಣ್ಣಲ್ಲೇ ಕೇಳಿದೆ. ಅವಳು ಸೀರೆಯ ಸೆರಗಿನ ಅಂಚು ನೋಡುತ್ತ ಕೂತಿದ್ದಳು. ಬಾಯಿ ಬಿಡಲಿಲ್ಲ.

ಯಾರದೋ ಗಾಡಿಯ ಎತ್ತುಗಳನ್ನು ಕಟ್ಟಿ ಕಾರನ್ನು ದೊರೈಕಣ್ಣುವಿನ ಷೆಡ್ಡಿಗೆ ಎಳೆಸಿದೆವು. ಎತ್ತಿನ ಹಿಂದೆ ಕಾರು, ಕಾರಿನಲ್ಲಿ ಸ್ಟಿಯರಿಂಗ್ ಹಿಡಿದ ನಾನು. ಮಾವ ಬಸ್ಸು ಹತ್ತುವ ಮುಂಚೆ ಕೈ ಚಾಚಿದರು. ನಾನು ಕೀಲಿ ಕೊಟ್ಟೆ. ಅವರು ಅದನ್ನು ಅಲ್ಲೇ, ಬಜಾರಿನಲ್ಲೇ, ಅಂಗಿ ಎತ್ತಿ ಉಡಿದಾರಕ್ಕೆ ಗಂಟು ಹಾಕಿಕೊಂಡರು. “ನೀರ್ ಆಕ್ದಿದ್ರೂ ಪರವಾಗಿಲ್ಲ, ಆಕಿದೆ ಅಂತ ಸುಳ್ಳು ಏಳ್ಬಾರದು” ಎಂದರು. ಕಾರು ಹೋದದ್ದಕ್ಕೆ ನನಗೆ ದುಃಖವಿರಲಿಲ್ಲ. ನನ್ನ ಮಾತು ಹೋಯಿತಲ್ಲ, ಅದು ಉರಿಯಿತು, ಇವತ್ತಿಗೂ ಉರಿಯುತ್ತದೆ.

ಆಮೇಲೆ ಶುರುವಾಯಿತು ನೋಡಿ, ಊರಿನವರ ವೈದ್ಯ. ಹೋಟೆಲಿನವನು ಕಾಫಿ ಲೋಟ ಕುಕ್ಕಿ “ನೀರು ಹಾಕಿರಲಿಲ್ಲವಂತೆ” ಎಂದ. ಅಂಚೆಯವನು ಕಾಗದ ಕೊಟ್ಟು “ನೀರು ಮುಖ್ಯ ಸಾರ್” ಎಂದು ಉಪದೇಶ ಮಾಡಿದ. ಜನ್ಮದಲ್ಲಿ ಎತ್ತಿನ ಗಾಡಿ ಬಿಟ್ಟು ಬೇರೆ ಹತ್ತದ ಅಜ್ಜಿಯೊಬ್ಬಳು ನನ್ನನ್ನು ತಡೆದು “ಮೂಗ್ ಪ್ರಾಣಿಗಾದ್ರೂ ನೀರ್ ಕುಡಿಸ್ತಾರೆ ಕಣಪ್ಪಾ” ಎಂದಳು. ಕೇಳುವ ಸೌಜನ್ಯವಾದರೂ ಬೇಡವೇ ಇವರಿಗೆ? ಎಂಜಿನ್ನಿನ ಒಳಗೆ ಏನಿದೆ ಎಂದು ಗೊತ್ತಿಲ್ಲದವನಿಗೇ ಅದು ಯಾಕೆ ಕೆಟ್ಟಿತು ಎಂದು ಚೆನ್ನಾಗಿ ಗೊತ್ತಿರುತ್ತದೆ. ಕ್ಲಾಸಿನಲ್ಲಿ “ಆವಿ ಉಂಟಾಗಲು ಏನು ಬೇಕು?” ಎಂದು ಕೇಳಿದರೆ ಹಿಂದಿನ ಬೆಂಚಿನಿಂದ ಉತ್ತರ ಬಂತು, “ಮೊದಲು ನೀರು ಹಾಕಬೇಕು ಸಾರ್!” ಇಡೀ ಕ್ಲಾಸು ನಕ್ಕಿತು. ಉತ್ತರ ಸರಿಯಾಗಿತ್ತಾದ್ದರಿಂದ ನಾನು ಹೊಡೆಯುವ ಹಾಗೂ ಇರಲಿಲ್ಲ.

ಭಾನುವಾರ ರೈಲು ಹತ್ತಿ ದೊರೈಕಣ್ಣುವಿನ ಷೆಡ್ಡಿಗೆ ಹೋದೆ. “ಮೇಸ್ತ್ರಿ, ಇದು ಯಾಕೆ ಸುಟ್ಟಿತು ಎಂದು ನನಗೆ ಕಾರಣ ಬೇಕು. ಕಾರಣ ಸಿಕ್ಕದೆ ಹೋಗುವವನಲ್ಲ” ಎಂದೆ. ಅವನು ಕಾರಿನ ಮುಂದುಗಡೆ ಹ್ಯಾಂಡಲ್ ಸಿಕ್ಕಿಸಿ ನನ್ನ ಕೈಗೆ ಕೊಟ್ಟ. “ತಿರುಗಿಸಿ ಸಾರ್, ಕೈಯಲ್ಲೇ ಗೊತ್ತಾಗುತ್ತೆ.” ತಿರುಗಿಸಿದೆ. ಒಂದು ಬಿಗಿ, ಒಂದು ಸಡಿಲ, ಒಂದು ಬಿಗಿ, ಒಂದು ಸಡಿಲ. ನಾಲ್ಕು ಸಿಲಿಂಡರುಗಳಲ್ಲಿ ಎರಡು ಉಸಿರು ಹಿಡಿಯುತ್ತಿರಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ತೂತಿಗೂ ಹೆಬ್ಬೆರಳು ಒತ್ತಿ ನೋಡಿದ. ತುದಿಯ ಎರಡು ಗಟ್ಟಿ, ನಡುವಿನ ಎರಡು ಸತ್ತಿದ್ದುವು. ಎಣ್ಣೆಯ ಕಡ್ಡಿ ತೆಗೆದು ಮೂಸಿದ. ಎಣ್ಣೆ ನೀರು ಬೆರೆತು ಮಜ್ಜಿಗೆಯಾಗಿರಲಿಲ್ಲ, ಕಂದಿರಲೂ ಇಲ್ಲ. ನೀರಿಲ್ಲದೆ ಓಡಿ ಕಾದ ಎಂಜಿನ್ನಿನ ಎಣ್ಣೆ ಸುಟ್ಟು ನಾರುತ್ತದಂತೆ. “ಇದು ಒಳ್ಳೆ ಎಣ್ಣೆ ಸಾರ್. ಎಂಜಿನ್ ಜಾಸ್ತಿ ಹೊತ್ತು ಕಾದಿಲ್ಲ.”

ನನ್ನ ಎದೆ ಅರಳಿತು. ಹೆಡ್ಡು ಇಳಿಸಿ, ಗ್ಯಾಸ್ಕೆಟ್ಟನ್ನು ಬಿಸಿಲಿಗೆ ಹಿಡಿದ. ಅಂಚಿನ ಸುತ್ತ ತಾಮ್ರ ಒತ್ತಿ ಒತ್ತಿ ಹೊಳೆಯುತ್ತಿತ್ತು. ನಡುವೆ, ಎರಡನೆಯ ಮೂರನೆಯ ತೂತುಗಳ ಮಧ್ಯೆ, ಹೊಳಪೇ ಇರಲಿಲ್ಲ. ಅಲ್ಲಿ ತಾಮ್ರವನ್ನು ಯಾರೂ ಒತ್ತಿಯೇ ಇರಲಿಲ್ಲ. ಅಲ್ಲೇ ಬೆಂಕಿ ನುಗ್ಗಿ, ಕಪ್ಪಗೆ ಕೊರೆದುಕೊಂಡು, ನೀರಿನ ದಾರಿಯವರೆಗೆ ಹೋಗಿತ್ತು. ಆ ಬಿಸಿಗಾಳಿಯೇ ರೇಡಿಯೇಟರಿನ ನೀರನ್ನೆಲ್ಲ ಹೊರಕ್ಕೆ ಉಗುಳಿಸಿದ್ದು. ನೀರಿಲ್ಲದೆ ಗ್ಯಾಸ್ಕೆಟ್ಟು ಸುಡಲಿಲ್ಲ. ಗ್ಯಾಸ್ಕೆಟ್ಟು ಸುಟ್ಟು ನೀರು ಹೋಯಿತು. ಇಷ್ಟು ಸಣ್ಣ ವಿಷಯ!

ಇನ್ನೂ ಸಂಶಯ ಬೇಡವೆಂದು ದೊರೈಕಣ್ಣು ಪಕ್ಕದ ಕ್ಷೌರದಂಗಡಿಯಿಂದ ದಪ್ಪ ಗಾಜಿನ ಕನ್ನಡಿಯೊಂದನ್ನು ಕೇಳಿ ತಂದ. ಅದರ ಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಹೆಡ್ಡನ್ನು ಮಗುಚಿ ಮೆಲ್ಲಗೆ ಆಡಿಸಿ ಎತ್ತಿದ. ಹೆಡ್ಡಿನ ಎರಡು ತುದಿಗೂ ಕಾಡಿಗೆ ಹತ್ತಿತ್ತು. ನಡುವೆ ಬೆಳ್ಳಗಿತ್ತು. ಅಂಚು ಕೂತು ನಡು ಎದ್ದುಬಿಟ್ಟಿದೆ ಎಂದರ್ಥ. ರೊಟ್ಟಿ ತಟ್ಟುವಾಗ ಅಂಚನ್ನೇ ಮೊದಲು ಒತ್ತಿದರೆ ನಡು ಉಬ್ಬುವುದಿಲ್ಲವೇ, ಹಾಗೆ.

“ಹಾಗಾದರೆ ಇದು ಆ ಪ್ರದಕ್ಷಿಣೆಯಿಂದ ಆದದ್ದು!” ಎಂದು ಕೂಗಿದೆ.

ದೊರೈಕಣ್ಣು ಕೈ ಒರೆಸಿಕೊಳ್ಳುತ್ತ ನಿಂತ. “ಸಾರ್, ಗೌಡ್ರ ಹತ್ರ ತಣ್ಣಿ, ನೀರು ಅಂತಾನೇ ಇರ್ಲಿ ಸಾರ್. ಬಿಗಿದಿದ್ದು ನನ್ನ ಕೈ. ಮೇಸ್ತ್ರಿ ಕೈ ಸರಿ ಇಲ್ಲ ಅಂತ ಒಂದು ಸಲ ಹೆಸರು ಬಂದ್ರೆ ಈ ಷೆಡ್‌ಗೆ ಯಾರು ಬರ್ತಾರೆ?”

ನಾನು ಕೇಳಲಿಲ್ಲ. ನನ್ನ ಮಾತಿಗೆ ಬೆಲೆ ಇಲ್ಲವೇ? ನನ್ನ ಹೆಸರು ಹೆಸರಲ್ಲವೇ? ಮುಂದಿನ ಭಾನುವಾರ ಮಾವನನ್ನು ಒತ್ತಾಯ ಮಾಡಿ ಷೆಡ್ಡಿಗೆ ಕರೆತಂದೆ. ತಗಡು ತೋರಿಸಿದೆ, ಕಾಡಿಗೆ ಸವರಿಸಿ ಹೆಡ್ಡು ತೋರಿಸಿದೆ, ಬೆಂಕಿ ಎಲ್ಲಿ ನುಗ್ಗಿತು, ನೀರು ಹೇಗೆ ಹೋಯಿತು ಎಂದು ಪಾಠ ಮಾಡಿದೆ. ಮಾವ ಓದಿದವರಲ್ಲ, ಆದರೆ ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟಿಸಿದವರು, ನೊಗ ಕೆತ್ತಿಸಿದವರು. ತಗಡಿನ ನಡುವಿನ ಮೇಲೆ ಹೆಬ್ಬೆರಳಾಡಿಸಿದರು, ಅಂಚಿನ ಮೇಲೆ ಆಡಿಸಿದರು. ಅವರಿಗೆ ಅರ್ಥವಾಯಿತು.

“ಮೇಸ್ತ್ರೀ, ಇದು ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು ಗೌಡ್ರೇ. ನಿಮ್ಮ ಹತ್ರ ಹೇಳ್ದೆ, ನೀವು ಕೇಳ್ಲಿಲ್ಲ. ಸಾರ್ ಮುಖ ನೋಡ್ದೆ. ‘ಎಲ್ಲಿಂದ ಬಿಗಿದ್ರೇನು ಮೇಸ್ತ್ರಿ, ಕೊನೆಗೆ ಎಲ್ಲಾ ಬಿಗಿಯಾದ್ರೆ ಸರಿ, ಮಾವ ಹೇಳ್ದಂಗೆ ಮಾಡು’ ಅಂದ್ರು ಸಾರ್.”

ಹೌದು, ನಾನು ಅವತ್ತು ಹೇಳಿದ್ದು ಅದೇ. ಒಂದಕ್ಷರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮಾವ ನನ್ನ ಕಡೆ ತಿರುಗಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. “ನಾನು ಅಕ್ಸರ ಬರ್ದೇ ಇರೋನು ಮೇಷ್ಟ್ರೇ. ಮೇಸ್ತ್ರಿ ಕೂಲಿ ಮಾಡೋನು, ನನ್ನ ಮಾತು ಮೀರಾಕ್ಕೆ ಆಗ್ಲಿಲ್ಲ. ನೀವು ಸೈನ್ಸು ಓದಿದೋರು. ನಿಮ್ಗೆ ಗೊತ್ತಿರ್ಲಿಲ್ವಾ?”

ಗೊತ್ತಿತ್ತು. ಇದ್ದಿಲ ಬಸ್ಸಿನ ಹೆಡ್ಡನ್ನು ಚಿಕ್ಕಪ್ಪ ನಡುವಿನಿಂದ ಬಿಗಿಯುವುದನ್ನು ಹತ್ತು ಸಲ ನೋಡಿದ್ದೆ.

“ಗೊತ್ತಿತ್ತು ಮಾವ.”

“ಮತ್ತೆ?”

ಹೊರಗೆ ಗಣಿಯ ಸೈರನ್ನು ಕೂಗಿತು. ಮೂವರೂ ಅದನ್ನೇ ಬಹಳ ಮುಖ್ಯವಾದ ವಿಷಯ ಎಂಬಂತೆ ಕೇಳುತ್ತ ನಿಂತೆವು.

ದೊರೈಕಣ್ಣು ನಾಲ್ಕು ದಿನ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಹೆಡ್ಡನ್ನು ಉಜ್ಜಿ ಮಟ್ಟ ಮಾಡಿದ. ಹೊಸ ಗ್ಯಾಸ್ಕೆಟ್ಟಿನ ಮೇಲೆ ಹೆಡ್ಡು ಕೂರಿಸುವ ದಿನ ಮಾವನೂ ಬಂದರು. ಮೇಸ್ತ್ರಿ ಸ್ಪ್ಯಾನರು ಹಿಡಿದು, ಅವತ್ತು ನೋಡಿದ ಹಾಗೇ ನನ್ನ ಮುಖ ನೋಡಿದ. “ಎಲ್ಲಿಂದ ಸಾರ್?” ನಾನು ಮಾವನ ಕಡೆ ನೋಡದೆ “ನಡುವಿನಿಂದ” ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಅಂದೆನೆಂದು ಕಾಣುತ್ತದೆ, ಪಕ್ಕದ ಕ್ಷೌರದವನು ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಮಾವ ಉಡಿದಾರದಿಂದ ಕೀಲಿ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಸುಟ್ಟ ತಗಡನ್ನು ನಾನೇ ಕೇಳಿ ತೆಗೆದುಕೊಂಡೆ.

ಅಲ್ಲಿಗೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ದೀಪಾವಳಿಗೆ ನೆಂಟರೆಲ್ಲ ಸೇರಿದಾಗ ಯಾರೋ ಕೇಳಿದರು, ಕಾರು ಯಾಕೆ ಕೆಟ್ಟಿತ್ತು ಅಂತ. ಮಾವ ಎಲೆಯಡಿಕೆ ಹಾಕಿಕೊಳ್ಳುತ್ತ “ನಮ್ ಮೇಷ್ಟ್ರು ನೀರ್ ಆಕಾಕ್ ಮರ್ತಿದ್ರು” ಎಂದುಬಿಟ್ಟರು! ನನಗೆ ಮೈಯೆಲ್ಲ ಬೆಂಕಿಯಾಯಿತು. ಅವರನ್ನು ಹಿತ್ತಲಿಗೆ ಕರೆದು, ಬದುಕಿನಲ್ಲಿ ಮೊದಲ ಸಲ ಅವರ ಮೇಲೆ ರೇಗಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಶಾಂತವಾಗಿ ಹೇಳಿದರು:

“ಪೂಜೆಯಿಂದ ಕೆಟ್ಟೋಯ್ತು ಅಂತ ಅನ್ಲಾ? ಮೇಸ್ತ್ರಿ ಕೈ ಸರಿ ಇಲ್ಲ ಅಂತ ಅನ್ಲಾ? ಇಲ್ಲಾ, ಗೊತ್ತಿದ್ದೂ ಮೇಷ್ಟ್ರು ಬಾಯಿ ಮುಚ್ಕಂಡಿದ್ರು ಅಂತ ಅನ್ಲಾ? ಯಾವ್ದು ಬೇಕೋ ನೀವೇ ಆರಿಸ್ಕಳ್ರಿ.”

ಬಹಳ ಹೊತ್ತು ಯೋಚನೆ ಮಾಡಲಿಲ್ಲ. ನಾನು ನೀರನ್ನೇ ಆರಿಸಿಕೊಂಡೆ.

ಆದರೆ ಆರಿಸಿಕೊಂಡ ಮಾತ್ರಕ್ಕೆ ಸಿಟ್ಟು ಬರಬಾರದೆಂದು ಎಲ್ಲಿದೆ? ಅಂದಿನಿಂದ ಯಾರು ಆ ಮಾತೆತ್ತಿದರೂ ನನಗೆ ಉರಿಯುತ್ತದೆ. ಮಾವ ಹೋದರು, ದೊರೈಕಣ್ಣು ಹೋದ, ಕಾರು ಯಾವ ಗುಜರಿಗೆ ಹೋಯಿತೋ ಗೊತ್ತಿಲ್ಲ. ನೀರಿನ ಕಥೆ ಮಾತ್ರ ನಮ್ಮ ನೆಂಟರಲ್ಲಿ ಮದುವೆ ಮುಂಜಿಗಳ ಊಟದ ಪಂಕ್ತಿಯಲ್ಲಿ ಉಪ್ಪಿನಕಾಯಿಯ ಜೊತೆ ಬಡಿಸಿಕೊಂಡು ಬರುತ್ತಲೇ ಇದೆ.

ಹೋದ ವಾರ ಪಾತ್ರೆಯವನು ಹೋದ ಮೇಲೆ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲೇ ಕೂತೆ. ರತ್ನ ಮೊರದಲ್ಲಿ ಅವರೆಕಾಯಿ ತಂದು ಎದುರಿಗೆ ಕೂತಳು. ಇಷ್ಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದನ್ನು ಆಗ ಕೇಳಿಯೇಬಿಟ್ಟೆ. “ಅಲ್ಲ ಕಣೇ, ಬಾವಿಯಿಂದ ಸೇದಿ ಕೊಟ್ಟವಳು ನೀನು. ಒಂದು, ಎರಡು ಎಂದು ಎಣಿಸಿದವಳು ನೀನು. ಅವತ್ತು ರಸ್ತೆಯಲ್ಲಿ ನಿಮ್ಮಪ್ಪನೆದುರಿಗೆ ಒಂದು ಮಾತು, ಒಂದೇ ಒಂದು ಮಾತು, ಯಾಕೆ ಹೇಳಲಿಲ್ಲ?”

ರತ್ನ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಪೂಜೆ ದಿನ ಕರ್ಪೂರದ ತಟ್ಟೆ ಹಿಡ್ಕೊಂಡು ನೀವು ‘ನಡುವಿನಿಂದ’ ಅಂತ ಯಾಕೆ ಹೇಳಲಿಲ್ಲವೋ, ಅದಕ್ಕೇ ಕಣ್ರೀ” ಎಂದಳು.